ಯಾವ ನೀರಿನ ಬದನೆಕಾಯಿ?

ನನ್ನ ಬೀಗತಿಯ ಬಲಗೈ ಹೆಬ್ಬೆರಳಿನ ಉಗುರು ಕರ್ರಗೆ, ದಪ್ಪಗೆ ಇತ್ತು. ತುದಿ ಕುಡಗೋಲಿನ ಹಾಗೆ ಬಾಗಿತ್ತು. ಉಳಿದ ಉಗುರುಗಳನ್ನೆಲ್ಲ ಕತ್ತರಿಸಿಕೊಳ್ಳುತ್ತಿದ್ದಳು, ಅದೊಂದನ್ನು ಬಿಟ್ಟಿರುತ್ತಿದ್ದಳು. ಯಾಕೆ ಅಂತ ನನಗೆ ಹೆಣ್ಣು ನೋಡಲು ಬಂದ ದಿನವೇ ಗೊತ್ತಾಯಿತು. ಬಂದವಳು ನನ್ನ ಮಗಳನ್ನು ಅಷ್ಟಾಗಿ ನೋಡಲಿಲ್ಲ. ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಬಂದಳು. ಬುಟ್ಟಿಯಿಂದ ಒಂದು ಬದನೆಕಾಯಿ ಎತ್ತಿದಳು, ಅದರ ಹೊಟ್ಟೆಗೆ ಆ ಉಗುರು ಚುಚ್ಚಿದಳು, ಮೂಸಿದಳು.

"ಯಾವ ನೀರಿಂದಿದು?"

"ಕಾಲುವಿ ನೀರಿಂದು," ಅಂದೆ.

"ಹೂಂ," ಅಂದಳು. ಚುಚ್ಚಿದ ಮಗ್ಗುಲು ಕೆಳಗೆ ಮಾಡಿ ಬದನೆಕಾಯಿ ಬುಟ್ಟಿಗೆ ಹಾಕಿದಳು. ಆ "ಹೂಂ" ನನಗೆ ಹಿಡಿಸಲಿಲ್ಲ. ಇವತ್ತಿಗೂ ಹಿಡಿಸಿಲ್ಲ.

ನಮ್ಮದು ತುರ್ವಿಹಾಳ. ಕಾಲುವೆ ಊರು, ಎಲ್ಲಿ ನೋಡಿದರೂ ನೆಲ್ಲು. ಅವಳದು ಮುದಗಲ್ಲಿನ ಆಚೆಗೆ ಒಂದು ಸಣ್ಣ ಹಳ್ಳಿ. ಕಲ್ಲು ನೆಲ, ಒಂದು ತೆರೆದ ಬಾವಿ, ಬಾವಿಯ ಸುತ್ತ ಅವಳು ಕೈಯಾರೆ ಮಾಡಿದ ಕಾಯಿಪಲ್ಲೆಯ ಮಡಿ. ಆ ಬಾವಿ ನೀರು ಬಿಟ್ಟು ಬೇರೆ ನೀರಿನಲ್ಲಿ ಬೆಳೆದದ್ದನ್ನು ಅವಳು ನಂಬುತ್ತಿರಲಿಲ್ಲ. ಮುದಗಲ್ ಸಂತೆಯಲ್ಲಿ ಅವಳು ಬರುವುದು ಕಂಡರೆ ಮಾರುವವರು ಸೋರೆಕಾಯಿಯ ಮೇಲೆ ಗೋಣಿತಟ್ಟು ಎಳೆಯುತ್ತಿದ್ದರಂತೆ. "ಎವ್ವಾ, ಸಂತೀಗೆ ಬರಾಗ ಆ ಉಗುರು ಮನ್ಯಾಗ ಬಿಟ್ಟು ಬಾರವಾ," ಅಂತ ಒಬ್ಬಳು ಕೈಮುಗಿದಿದ್ದಳಂತೆ. ಇದನ್ನು ಬೀಗತಿ ತಾನೇ ಹೆಮ್ಮೆಯಿಂದ ಹೇಳಿದಳು.

ಮದುವೆಯಾದ ಮೇಲೆ ಒಮ್ಮೆ ಅವಳ ಮನೆಗೆ ನಾನು ಒಂದು ಚೀಲ ಬದನೆಕಾಯಿ ಒಯ್ದೆ. ನೋಡಲು ಚೆಂದ ಇದ್ದವು, ಎಣ್ಣೆ ಸವರಿದ ಹಾಗೆ ಮಿಂಚುತ್ತಿದ್ದವು. ಅವಳು ನನ್ನದೊಂದು, ತನ್ನದೊಂದು ಜಗಲಿ ಮೇಲೆ ಜೋಡಿಸಿಟ್ಟಳು. ಅವಳದು ಮೋಟು, ಮಂಕು, ತೊಟ್ಟಿನ ತುಂಬ ಮುಳ್ಳು.

"ನಿಮ್ಮವು ಉಬ್ಬ್ಯಾವ ಬೀಗತಿ, ಬೆಳದಿಲ್ಲ. ನೀರೂ ಗೊಬ್ಬರಾನೂ ಕುಡುದು ಕುಡುದು ಉಬ್ಬ್ಯಾವ. ಇಲ್ಲೇ ಇರಲಿ ನೋಡ್ರಿ, ನನ್ನದು ಸುಕ್ಕತೈತಿ, ನಿಮ್ಮದು ಕೊಳೀತೈತಿ."

ನಾನು ವಾರ ಬಿಟ್ಟು ಮಗಳಿಗೆ ಫೋನು ಮಾಡಿ ಕೇಳಿದೆ. ಹಾಗೇ ಆಗಿತ್ತು. ಆದರೆ ಅವಳೇ ನನ್ನ ಕಾಯಿಯನ್ನು ಬಿಸಿಲಿಗೆ ಸರಿಸಿದ್ದಿರಬೇಕು ಅಂತ ನನಗೆ ಗುಮಾನಿ.

ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣೆ ಅಂತಾರೆ. ನೆಲ್ಲಿಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ಊರೆಲ್ಲ ಅದೇ ವಾಸನೆ. ಒಣಹಾಕಿದ ಸೀರೆಗೂ ಹತ್ತುತ್ತದೆ. ನನ್ನ ಬೆಂಡೆ, ಬದನೆ ಆಗ ನೆಲ್ಲುಗದ್ದೆಯ ಬದುವಿನ ಮೇಲೇ ಇದ್ದವು. ಅಂಥ ದಿನಗಳಲ್ಲೇ ನನ್ನ ಮಗಳು ಮೊದಲ ಸಲ ಬಸುರಾಗಿ, ನಾಲ್ಕು ದಿನ ಇದ್ದು ಹೋಗಲು ತವರಿಗೆ ಬಂದಳು. ನಮ್ಮ ಮನೆಯಲ್ಲೇ ಬಸುರು ಇಳಿದು ಹೋಯಿತು. ಹೀಗೆ ಆಗುತ್ತಿರುತ್ತದೆ, ಯಾರ ತಪ್ಪೂ ಅಲ್ಲ ಅಂತ ಸಿಂಧನೂರಿನ ಡಾಕ್ಟರಮ್ಮ ಅಂದಳು.

ಬೀಗತಿ ಬಂದಳು. ಅಳಲಿಲ್ಲ, ಬೈಯಲಿಲ್ಲ. ಸೊಸೆಯ ತಲೆ ಸವರಿದಳು, ಎದ್ದು ಹೊರಗೆ ಹೋದಳು. ನಾನು ಹಿಂದಿನಿಂದ ನೋಡುತ್ತ ನಿಂತೆ. ಬದುವಿಗೆ ಹೋಗಿ ಒಂದು ಬೆಂಡೆಕಾಯಿ ಕಿತ್ತು ಮೂಸಿದಳು. ಅದನ್ನು ಬಿಸಾಡಲಿಲ್ಲ, ಸೆರಗಿಗೆ ಕಟ್ಟಿಕೊಂಡು ತನ್ನೂರಿಗೆ ಹೋದಳು. ಬಾಯಿ ಬಿಟ್ಟು ಬೈದಿದ್ದರೆ ನಾನೂ ಬೈದು ಹಗುರ ಆಗುತ್ತಿದ್ದೆ. ಆ ಬೆಂಡೆಕಾಯಿಯನ್ನು ಅವಳು ಯಾರ್ಯಾರಿಗೆ ತೋರಿಸಿದಳೋ, ಏನೇನು ಹೇಳಿದಳೋ ಅಂತ ನಾನು ವರ್ಷವಿಡೀ ಕುದ್ದೆ.

ಕುದಿಯುತ್ತಲೇ ಬದುವಿನ ಮೇಲಿನ ಗಿಡ ಕಿತ್ತುಹಾಕಿ, ಮನೆಯ ಹಿತ್ತಲಲ್ಲಿ ಹೊಸದಾಗಿ ಮಡಿ ಮಾಡಿದೆ. ಮಗನಿಗೆ, "ಎಣ್ಣಿ ಪಂಪು ಈ ಕಡೆ ಹಾಯ್ತಂದ್ರ ನಿನ್ನ ಕಾಲು ಮುರೀತೀನಿ," ಅಂದೆ.

ಮಗಳು ಮತ್ತೆ ಬಸುರಾದಳು. ಏಳು ತುಂಬಿದಾಗ ಸೀಮಂತದ ಕುಬಸಕ್ಕೆ ಬುತ್ತಿ ಕಟ್ಟಿಕೊಂಡು ನಾವು ಹೆಂಗಸರು ಟೆಂಪೋ ಮಾಡಿಕೊಂಡು ಮಸ್ಕಿ, ಲಿಂಗಸುಗೂರು ದಾಟಿ ಹೋದೆವು. ಸಜ್ಜಿ ರೊಟ್ಟಿ, ಹೋಳಿಗೆ, ನಾಲ್ಕು ಥರದ ಪಲ್ಲೆ, ಎಲ್ಲಕ್ಕಿಂತ ಮೇಲೆ ನನ್ನ ಎಣ್ಣೆಗಾಯಿ. ಬೀಗತಿ ಎಲ್ಲ ಡಬರಿಯ ಮುಚ್ಚಳ ತೆಗೆದಳು. ಎಣ್ಣೆಗಾಯಿ ಹತ್ತಿರ ಬಂದು ನಿಂತಳು.

"ಯಾವ ನೀರಿಂದು?"

"ಹಿತ್ತಲದ್ದು. ಎಣ್ಣಿ ಸೋಕಿಲ್ಲ. ಇಲ್ನೋಡ್ರಿ, ಹುಳ ಕೊರದ ಗುರುತು ಐತಿ. ಎಣ್ಣಿ ಹೊಡದಿದ್ರ ಹುಳ ಇರ್ತಿತ್ತೇನು?"

"ಈಗಿನ ಹುಳ ಎಣ್ಣಿ ಕುಡುದೂ ಬದುಕಾಕ ಕಲ್ತಾವ ಬೀಗತಿ. ಹುಳದ ಸಾಕ್ಷಿ ನನಗ ಹೇಳಬ್ಯಾಡ್ರಿ."

ಡಬರಿ ಎತ್ತಿ ಮೂಲೆಗಿಟ್ಟಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಮೈ ಉರಿದುಹೋಯಿತು.

"ಅದು ಇರಲಿ. ಚೊಚ್ಚಲ ಹೆರಿಗಿ ತವರಮನೀದು. ನನ್ನ ಮಗಳನ್ನ ಕಳಸ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಮಗಳು ತಲೆ ತಗ್ಗಿಸಿಕೊಂಡು ಕೂತಿದ್ದಳು. ಅವಳಿಗೆ ಬರುವ ಆಸೆ ಇತ್ತು, ಹೇಳುವ ಧೈರ್ಯ ಇರಲಿಲ್ಲ. ಈ ಸಲ ಕಳಿಸದಿದ್ದರೆ ನನ್ನ ಮನೆಯ ಅನ್ನಕ್ಕೆ ವಿಷದ ಹೆಸರು ಕಾಯಂ ಆಗುತ್ತಿತ್ತು. ಬೀಗತಿ ಮೂಲೆಯ ಡಬರಿಗೆ ಮುಚ್ಚಳ ಮುಚ್ಚಿ ಅಂದಳು:

"ಕಳಸ್ತೀನಿ. ಜತೀಗೆ ನಾನೂ ಬರ್ತೀನಿ."

ಸೊಸೆಯ ತವರಿನಲ್ಲಿ ಅತ್ತೆ ಬಂದು ಬಾಣಂತನ ಮುಗಿಯುವ ತನಕ ಕೂರುವುದನ್ನು ನಮ್ಮ ಏಳು ಊರಿನಲ್ಲಿ ಯಾರೂ ಕಂಡಿಲ್ಲ. ಬಂದೇಬಿಟ್ಟಳು. ಜೊತೆಗೆ ಒಂದು ಚೀಲ ಕಾಯಿಪಲ್ಲೆ, ಎರಡು ಕ್ಯಾನು ಬಾವಿ ನೀರು. ಬಸ್ಸಿನಲ್ಲಿ ಕಂಡಕ್ಟರ್, "ಎವ್ವಾ, ಕಾಲುವಿ ಊರಿಗೆ ನೀರು ಹೊತ್ಕೊಂಡು ಹೊಂಟೀಯಲ್ಲ, ಅಲ್ಲೇನು ಮೀನು ಎಲ್ಲಾ ಕುಡದಾವೇನು?" ಅಂದನಂತೆ. ಹೇಳುವಾಗ ನನ್ನ ಮಗಳು ನಕ್ಕಳು. ನಾನು ನಗಲಿಲ್ಲ. ಇವಳು ಯಾಕೆ ಬಂದಾಳ? ನಮ್ಮ ಮನೆಯ ಹುಳುಕು ಎಣಿಸಲು ಬಂದಾಳ. ನಾಳೆ ಏನಾದರೂ ಆದರೆ ಕಣ್ಣಾರೆ ಕಂಡೆ ಅನ್ನಲು ಬಂದಾಳ. ಹಾಗಂದುಕೊಂಡು ಅವಳೆದುರು ನಾನು ಎರಡೆರಡು ಸಲ ಅಕ್ಕಿ ತೊಳೆದೆ.

ಬಾವಿಯ ನೀರು ತೀರಿತು, ಚೀಲದ ಕಾಯಿಪಲ್ಲೆ ತೀರಿತು. ಆಗ ನನ್ನ ಹಿತ್ತಲಿಗೆ ಬರಲೇಬೇಕಾಯಿತು. ಬ್ಯಾಸಗಿ, ಕಾಲುವೆ ಬಂದ್ ಆಗಿತ್ತು. ಬೋರಿನ ನೀರು ಸೌಳು. ದನದ ಕೊಟ್ಟಿಗೆಯ ಮೇಲೆ ಒಂದು ಸೋರೆಬಳ್ಳಿ ಹಬ್ಬಿಸಿದ್ದೆ. ನೆನಪಾದರೆ ಪಾತ್ರೆ ತೊಳೆದ ನೀರು ಸುರಿಯುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ಅಂಥ ಬಿಸಿಲಿನಲ್ಲೂ ಎಳೆಯ ಕಾಯಿ ಬಿಟ್ಟಿತ್ತು. ಮಗಳಿಗೆ ತಂಪು ಅಂತ ಒಂದನ್ನು ಕೊಯ್ದು, ಅರ್ಧ ಹೆಚ್ಚಿ ಪಲ್ಲೆಗೆ ಇಟ್ಟೆ.

ಬೀಗತಿ ಸ್ನಾನ ಮಾಡಿ ಒಳಗೆ ಬಂದಳು. ಈಳಿಗೆಮಣೆಯ ಹತ್ತಿರ ಬಿದ್ದಿದ್ದ ತೊಟ್ಟಿನ ತುಂಡನ್ನು ಉಗುರಿನಿಂದ ಗೀರಿ ನಾಲಿಗೆಗೆ ಹಚ್ಚಿಕೊಂಡಳು. ಥೂ ಅಂತ ಉಗುಳಿದಳು. ಮರುಮಾತಿಲ್ಲದೆ ಸೆರಗು ಸುತ್ತಿ ಒಲೆಯ ಮೇಲಿನ ಪಾತ್ರೆ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದಳು. ದನ ಬಾಯಿ ಹಾಕಬಾರದು ಅಂತ ಮೇಲೆ ಬೂದಿ ಮುಚ್ಚಿದಳು.

ಸಿಟ್ಟಿನಲ್ಲಿ ನಾನು ರೀ ಬಿಟ್ಟುಬಿಟ್ಟೆ. "ಒಲೀ ಮ್ಯಾಲಿನ ಅಡಿಗಿ ಚೆಲ್ಲಿದ್ಯಲ್ಲ ಬೇ!"

"ಕಹಿ ಐತಿ."

"ಕಹಿ ನಿನ್ನ ನಾಲಿಗ್ಯಾಗ ಐತಿ."

"ಎಣ್ಣಿ ಹೊಡದೀರಿ ಇದಕ್ಕ."

"ನನ್ನ ಮಗಳ ಆಣಿ, ಒಂದು ಹನಿ ಹೊಡದಿಲ್ಲ!"

ಅವಳು ನಂಬಲಿಲ್ಲ ಅಂತ ಮುಖದಲ್ಲೇ ಕಂಡಿತು. ಉಳಿದರ್ಧ ಕಾಯಿಯನ್ನು ನಾನು ಹೆಚ್ಚಿದೆ, ಉಪ್ಪು ಹಾಕಿ ಬೇಯಿಸಿದೆ, ಅವಳೆದುರೇ ಬಟ್ಟಲು ತುಂಬ ಬಡಿಸಿಕೊಂಡು ಕೂತೆ. ಮೊದಲ ತುತ್ತಿಗೇ ಬೇವಿನ ಹಾಗೆ ಕಹಿ. ಆದರೆ ತುತ್ತು ಎತ್ತಿಯಾಗಿತ್ತು. "ಬ್ಯಾಡ ಬೀಗತಿ, ಹಟ ಬ್ಯಾಡ," ಅಂತ ಅವಳು ಎರಡು ಸಲ ಅಂದಳು. ಬಟ್ಟಲು ಖಾಲಿ ಮಾಡಿ ಬೋರಲು ಹಾಕಿದೆ.

ಸ್ವಲ್ಪ ಹೊತ್ತಿಗೆ ಹೊಟ್ಟೆಯಲ್ಲಿ ಕತ್ತರಿ ಆಡಿಸಿದ ಹಾಗಾಯಿತು. ವಾಂತಿ ಶುರುವಾಯಿತು, ಕೊನೆಗೆ ವಾಂತಿಯಲ್ಲಿ ರಕ್ತ. ಮೈ ತಣ್ಣಗಾಯಿತು. ಮಗ ಆಟೋ ತಂದು ಸಿಂಧನೂರಿಗೆ ಒಯ್ದ. ಕೈಗೆ ಸಲೈನು ಚುಚ್ಚಿದರು. ಕಹಿ ಸೋರೆಕಾಯಿ ಯಾರೂ ತಿನ್ನಬಾರದು, ಅದರ ಕಹಿಯೇ ವಿಷ, ನಿಮ್ಮ ಬಸುರಿ ಮಗಳು ತಿಂದಿದ್ದರೆ ಏನು ಗತಿ ಅಂತ ಡಾಕ್ಟರ್ ನನ್ನ ಮಗನನ್ನು ಬೈದ. ಪಾಪ, ಅವನು ತಿನ್ನಿಸಿದ್ದೇನೂ ಅಲ್ಲ.

ಮರುದಿನ ಬೀಗತಿ ಮಂಚದ ಪಕ್ಕ ಬಂದು ಕೂತಳು. ನಾನೇ ಬಾಯಿ ತೆಗೆದೆ.

"ಈಗ ಹೇಳ್ರಿ. ಎಣ್ಣಿ ಹೊಡದಿದ್ವಿ ಅಂತೀರೇನು?"

"ಇಲ್ಲ. ಬಳ್ಳೀ ಬುಡ ನೋಡಿ ಬಂದೀನಿ. ಮಣ್ಣು ಬಿರಕ ಬಿಟ್ಟೈತಿ. ಬಿಸಲಿಗೆ ಬೇಯಿಸಿ, ನೀರಿಗೆ ಕಾಡಿಸೀರಿ ಅದನ್ನ. ಬಾಯಾರಿದ ಬಳ್ಳಿ ಸಿಟ್ಟೆಲ್ಲ ಕಾಯಿಗೆ ಇಳಸ್ತೈತಿ. ನನ್ನ ಗುಮಾನಿ ಅರ್ಧ ತಪ್ಪು."

"ಇನ್ನರ್ಧ?"

"ಇನ್ನರ್ಧ ಮಂಚದ ಮ್ಯಾಲ ಮಲಗೈತಲ್ಲ."

ನಗಲು ಹೋದರೆ ಹೊಟ್ಟೆ ಹಿಡಿಯಿತು. ಆ ನೋವಿನ ಧೈರ್ಯದಲ್ಲೇ ಕೇಳಿಬಿಟ್ಟೆ: "ಮೊದಲನೇ ಬಸುರಿಗೆ ನನ್ನ ಮ್ಯಾಲೇ ಗುಮಾನಿ ಇತ್ತಲ್ಲ ನಿಮಗ? ಬೆಂಡಿಕಾಯಿ ಕಟಗೊಂಡು ಹೋದ್ರಿ. ಯಾರಿಗೆ ತೋರಿಸಿದ್ರಿ?"

ಅವಳು ಸಲೈನಿನ ಹನಿ ನೋಡುತ್ತ ಕೂತಳು.

"ಯಾರಿಗೆ ತೋರಸ್ಲಿ? ಮನೀಗೆ ಹೋಗಿ ಒಬ್ಬಾಕೀನ ಕುಂತು ಹಸೀದೇ ತಿಂದೆ. ಏನರ ರುಚಿ ಹತ್ತತೈತೇನೋ ಅಂತ. ಏನೂ ಹತ್ತಲಿಲ್ಲ. ಎಣ್ಣಿ ಹೊಡಿಯೋ ದಿನದಾಗ ಅಕೀನ್ನ ಕಳಿಸಿದಾಕಿ ನಾನ ಅಲ್ಲೇನು? ಯಾರ ಮ್ಯಾಲಂತ ಗುಮಾನಿ ಹಿಡೀಲಿ?"

ಅವಳ ಮಾತನ್ನು ನಾನು ಪೂರಾ ನಂಬಲಿಲ್ಲ. ಆದರೆ ಅವತ್ತಿನಿಂದ ಅವಳೆದುರು ಅಕ್ಕಿಯನ್ನು ಒಂದೇ ಸಲ ತೊಳೆದೆ.

ಹೆಣ್ಣು ಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಬಾಣಂತನ ಮುಗಿಯುವ ತನಕ ಬೀಗತಿ ನಮ್ಮಲ್ಲೇ ಇದ್ದಳು. ಕಹಿ ಬಳ್ಳಿಯನ್ನು ಬೇರು ಸಮೇತ ಕಿತ್ತು ಹಾಕಿ, ಬದನೆಯ ಮಡಿಗೆ ತಾನೇ ದಿನಾ ಇಷ್ಟಿಷ್ಟೇ ನೀರು ಉಣಿಸಿದಳು. "ಒಮ್ಮೆ ಕಾಲುವಿ ಹರಸೋದು, ಒಮ್ಮೆ ಮರಿಯೋದು, ಹಂಗಲ್ಲ. ಕೂಸಿಗೆ ಹಾಲು ಕುಡಿಸಿದಂಗ." ಬುಡಕ್ಕೆ ಹುಲ್ಲು ಮುಚ್ಚಿಸಿದಳು, ಹುಳ ಹೊಕ್ಕ ಕುಡಿ ಕಂಡರೆ ಆ ಉಗುರಿನಿಂದ ಚಿವುಟಿ ಬೆಂಕಿಗೆ ಹಾಕಿದಳು. ಹೊರಡುವ ಹಿಂದಿನ ದಿನ ನನ್ನ ಎಣ್ಣೆಗಾಯಿ ತಿಂದು, "ತಿನ್ನಾಕ ಬರ್ತೈತಿ," ಅಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿಲ್ಲ.

ಮೊಮ್ಮಗಳಿಗೆ ಆರು ತುಂಬಿದ ಮೇಲೆ, ಹೋದ ಚಳಿಗಾಲದಲ್ಲಿ, ಬೀಗತಿಗೆ ದಮ್ಮು ಹತ್ತಿತು. ನಾನು ಹೋಗಿ ಅವಳ ಹತ್ತಿರವೇ ಉಳಿದೆ. ಕೊಟ್ಟ ಗುಳಿಗೆಯನ್ನೂ ಉಗುರಿನಿಂದ ಗೀರಿ ನೋಡುತ್ತಿದ್ದಳು. ಒಂದು ದಿನ ಬೆಳಗ್ಗೆ ನನ್ನ ಕೈಯಲ್ಲಿ ನೀರು ಕುಡಿದಳು. ಯಾವ ನೀರು ಅಂತ ಕೇಳಲಿಲ್ಲ. ಆಗಲೇ ನನಗೆ ತಿಳಿಯಿತು. ಮಧ್ಯಾಹ್ನಕ್ಕೆ ಹೋದಳು.

ಮೂರನೇ ದಿನ ಮಣ್ಣು ಮಾಡಿದ ಜಾಗದ ಮೇಲೆ ಎಡೆ ಇಡಬೇಕು. ಅವಳು ಒಪ್ಪಿದ್ದ ಪಲ್ಲೆ ಅದೊಂದೇ ಅಂತ ಮಗನಿಗೆ ಫೋನು ಮಾಡಿ ನನ್ನ ಹಿತ್ತಲ ಬದನೆಕಾಯಿಯನ್ನೇ ತರಿಸಿ ಎಣ್ಣೆಗಾಯಿ ಮಾಡಿದೆ. ಅವಸರದಲ್ಲಿ ಮೂಸಿ ನೋಡಲಿಲ್ಲ. ಎಲೆ ಇಟ್ಟು ನಾವೆಲ್ಲ ದೂರ ಸರಿದು ನಿಂತೆವು. ಬಹಳ ಹೊತ್ತಿಗೆ ಕಾಗೆ ಬಂತು. ಅನ್ನ ತಿಂದಿತು. ಹೋಳಿಗೆ ತಿಂದಿತು. ಬದನೆಕಾಯಿಯನ್ನು ಒಂದು ಸಲ ಕುಕ್ಕಿತು, ತಲೆ ಓರೆ ಮಾಡಿತು, ಬಿಟ್ಟು ಹಾರಿಹೋಯಿತು.

"ಸತ್ತರೂ ಅತ್ತಿ ಬುದ್ಧಿ ಬಿಡಲಿಲ್ಲ," ಅಂತ ನನ್ನ ಮಗಳು ಅಳುತ್ತಲೇ ನಕ್ಕಳು. ನಿಂತವರೆಲ್ಲ ನಕ್ಕರು. ಕಾಗೆಗೆ ಏನು ಗೊತ್ತು, ಖಾರ ಹೆಚ್ಚಾಗಿತ್ತೇನೋ ಅಂದುಕೊಂಡೆ. ಆದರೆ ನನ್ನ ಮಗನೊಬ್ಬ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದ. ನಾನು ಹತ್ತಿರ ಹೋದೆ.

"ಲೇ, ಖರೇ ಹೇಳು. ಎಣ್ಣಿ ಹೊಡದೀಯೇನು?"

"ನೀ ಊರಾಗ ಇರಲಿಲ್ಲಬೇ. ಹುಳ ಬಾಳ ಬಿದ್ದಿತ್ತು. ಚಿವುಟೋರು ಯಾರಿದ್ರು? ಒಂದ ಸಲ ಅಷ್ಟ."

ಬೀಗತಿಯ ಮನೆಗೆ ಬಂದೆ. ಬಂದವರ ಊಟಕ್ಕೆ ಅಂತ ಉಳಿದ ಬದನೆಕಾಯಿಯ ಬುಟ್ಟಿಯನ್ನು ಮುಂದಿಟ್ಟುಕೊಂಡು ಮೊಮ್ಮಗಳು ತೊಟ್ಟು ತೆಗೆಯುತ್ತಿದ್ದಳು. ಒಂದನ್ನು ಎತ್ತಿ ಹೆಬ್ಬೆರಳಿನ ಉಗುರು ಚುಚ್ಚಿ ಮೂಸಿದೆ. ನನಗೆ ಏನೂ ವಾಸನೆ ಹತ್ತಲಿಲ್ಲ. ಆದರೂ ಬುಟ್ಟಿ ಎತ್ತಿಕೊಂಡೆ, ಒಲೆಯಿಂದ ಒಂದು ಮೊರ ಬೂದಿ ತುಂಬಿಕೊಂಡೆ. ಅವಳ ಬಾವಿ ದಾಟಿ ತಿಪ್ಪೆಗೆ ಹೋಗಿ ಎಲ್ಲ ಸುರಿದೆ. ದನ ಬಾಯಿ ಹಾಕಬಾರದು ಅಂತ ಮೇಲೆ ಬೂದಿ ಮುಚ್ಚಿದೆ.