ಬೋರ್ಡಿನಲ್ಲಿ ಇಲ್ಲದ ಹೆಸರು

“ಅವ್ವಾ, ಹರೀಬ್ಯಾಡ, ದಂಡ ಹಾಕ್ತಾರ” ಎನ್ನುವಷ್ಟರಲ್ಲಿ ಅವ್ವನ ಕೈ ಬೇಲಿ ದಾಟಿ ಟೊಂಗೆ ಹಿಡಿದಿತ್ತು. ಅರಬ್ ನಾಡಿನ ಅಲ್ ಐನ್ ಊರ ಹೊರವಲಯದ, ಇಲ್ಲಿನವರು ಘಾಫ್ ಎನ್ನುವ ಆ ಮರ ನೂರಾರು ವರ್ಷ ಹಳೆಯದು, ಸಂರಕ್ಷಿತ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು, ಇಲ್ಲಿ ವಿಜ್ಞಾನದ ಟೀಚರು. ಊರಿಂದ ಬಂದಿದ್ದ ಅವ್ವನಿಗೆ ಮರದ ಮುಂದಿನ ಬೋರ್ಡಿನಲ್ಲಿದ್ದ ಲ್ಯಾಟಿನ್ ಹೆಸರನ್ನು ಆಗಷ್ಟೇ ಜಂಬದಿಂದ ಓದಿ ಹೇಳಿದ್ದೆ.

“ಬಿ.ಎಸ್ಸಿ. ಓದೀದಿ, ಬನ್ನಿಗಿಡ ಗುರ್ತಾ ಸಿಗಲಿಲ್ಲೇನ ನಿನಗ?” ಎಂದಳು ಅವ್ವ.

ಮೊಬೈಲಿನಲ್ಲಿ ಹುಡುಕಿದೆ. ಹೌದು, ದಸರೆಗೆ ನಾವು ಹಂಚುವ ಅದೇ ಬನ್ನಿ. ಮರಳುಗಾಡಿನ ನಡುವೆ ನಿಂತು ಹುಚ್ಚಿಯಂತೆ ನಕ್ಕೆ. ಅಷ್ಟರಲ್ಲಿ ಪಠಾಣ ಕಾವಲುಗಾರ ನಮ್ಮತ್ತಲೇ ಬರುತ್ತಿದ್ದುದನ್ನು ಕಂಡು ನನ್ನ ನಗು ನಿಂತಿತು. ಅವ್ವ ಟೊಂಗೆ ಬಿಟ್ಟು, ಮರಳಿನ ಮೇಲೆ ಉದುರಿದ್ದ ಎಲೆ ಆರಿಸಿ ಅವನ ಅಂಗೈಗೆ ಹಾಕಿದಳು. “ಬನ್ನಿ ತಗೊಂಡು ಬಂಗಾರದಂಗ ಇರೂಣು, ತಮ್ಮಾ.” ದಸರೆ ಮುಗಿದು ಮೂರು ತಿಂಗಳಾಗಿತ್ತು. ಒಂದು ಮಾತೂ ತಿಳಿಯದ ಆತ ಎದೆಗೆ ಕೈಯಿಟ್ಟು, ಎಲೆಯನ್ನು ಜೇಬಿಗೆ ಹಾಕಿಕೊಂಡ.

ಈಗ ತರಗತಿಯಲ್ಲಿ ಆ ಮರದ ಪಾಠ ಬಂದಾಗ ಬೋರ್ಡಿನ ಮೇಲೆ ಮೂರು ಹೆಸರು ಬರೆಯುತ್ತೇನೆ. ಮೂರನೆಯದು ಯಾವ ಪುಸ್ತಕದ್ದು ಎಂದು ಮಕ್ಕಳು ಕೇಳಿದರೆ, ಅದು ನಮ್ಮವ್ವ ಕಲಿಸಿದ್ದು ಅನ್ನುತ್ತೇನೆ.