ನಮ್ಮ ಯಜಮಾನರ ಎಡಗಿವಿ

ಲಾರಿಯಿಂದ ಇಳಿದು ಮನೆಗೆ ಬಂದ ದಿನ ನಮ್ಮ ಯಜಮಾನರು ಸ್ನಾನ ಮುಗಿಸಿ, ಒಂದು ಲೋಟ ಕಾಫಿ ಹಿಡಿದು ಜಗುಲಿಯ ಮೇಲೆ ಕೂರುತ್ತಾರೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ತೋಟದಲ್ಲಿ ಗಾಳಿ ಚೆನ್ನಾಗಿ ಎದ್ದಿದೆ ಅನ್ನುತ್ತಾರೆ. ನಾನು ತಲೆಯೆತ್ತಿ ನೋಡಿದರೆ ಒಂದು ತೆಂಗಿನ ಗರಿಯೂ ಅಲ್ಲಾಡುತ್ತಿರುವುದಿಲ್ಲ. ಇಂದೋರಿನ ಬಿಸಿಲಿನಲ್ಲೂ ಅದೇ ಗಾಳಿ ಕೇಳುತ್ತದಂತೆ. ಸೊಲ್ಲಾಪುರದಾಚೆ ಯಾವುದೋ ಡಾಬಾದಲ್ಲಿ ಹಗ್ಗದ ಮಂಚದ ಮೇಲೆ ಮಲಗಿದರೂ ಅರಳಗುಪ್ಪೆಯ ನಮ್ಮ ತೋಟ ತಲೆದಿಂಬಿನ ಪಕ್ಕಕ್ಕೆ ಬಂದು ನಿಂತಂತಾಗುತ್ತದಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಎಷ್ಟು ದೂರ ಹೋದರೂ ಈ ಮನುಷ್ಯನಿಗೆ ಊರಿನದೇ ಧ್ಯಾನ ಅಂದುಕೊಳ್ಳುತ್ತಿದ್ದೆ. ಎಂಥ ಪೆದ್ದಿ ನಾನು.

ಇವರ ಹೆಸರು ತಿಮ್ಮರಾಜು. ಗಂಡನ ಹೆಸರು ಬರೆದೆ ಅಂತ ನಮ್ಮತ್ತೆ ಕೆಂಪಕ್ಕ ಮುಖ ಸಿಂಡರಿಸಬಹುದು, ಸಿಂಡರಿಸಲಿ. ಇಪ್ಪತ್ಮೂರು ವರ್ಷದಿಂದ ಲಾರಿ ಓಡಿಸುತ್ತಿದ್ದಾರೆ. ತಿಪಟೂರಿನಲ್ಲಿ ಕೊಬ್ಬರಿ ಮೂಟೆ ತುಂಬಿಸಿಕೊಂಡು ಹೊರಟರೆ ಇಂದೋರ್, ಜೈಪುರ, ದಿಲ್ಲಿ. ವಾಪಸ್ಸು ಬರುವ ಹೊತ್ತಿಗೆ ಇಲ್ಲಿ ಹುಣ್ಣಿಮೆ ಹೋಗಿ ಅಮಾವಾಸ್ಯೆ ಹತ್ತಿರ ಬಂದಿರುತ್ತದೆ. ಮನೆಯಲ್ಲಿ ಎರಡೆಕರೆ ತೋಟವಿದೆ, ಹಸು ಇದೆ, ಹೊಟ್ಟೆಗೆ ಬಟ್ಟೆಗೆ ಅದೇ ಸಾಕು. ಆದರೆ ಈ ಪುಣ್ಯಾತ್ಮನಿಗೆ ಸ್ಟೀರಿಂಗ್ ಹಿಡಿಯದಿದ್ದರೆ ಜೀವ ನಿಲ್ಲುವುದಿಲ್ಲ. ಮುಂಜಾನೆ ಮಂಜಿನಲ್ಲಿ ಹೆದ್ದಾರಿ ಸಿಕ್ಕರೆ ನೀರಿನ ಮೇಲೆ ತೇಲಿದಂತಿರುತ್ತದೆ ಅಂತ ಹೇಳುವಾಗ ಇವರ ಮುಖ ನೋಡಬೇಕು ನೀವು, ಎಳೆಮಗುವಿನ ಮುಖ.

ಇನ್ನು ನನ್ನ ವಿಷಯ. ಸರ್ವಮಂಗಳ ಅಂತ ಹೆಸರಿಟ್ಟರು, ಊರವರು ಗಂಟ್ಲು ಮಂಗಳ ಅಂತ ಕರೆದರು. ಮದುವೆಯಾಗಿ ಬಂದಾಗ ನನ್ನ ಮಾತು ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ. ಈಚೆಗೆ ನಾನು ಊಟಕ್ಕೆ ಕರೆದರೆ ಕೆರೆ ಏರಿಯ ಮೇಲಿನವರು ತಿರುಗಿ ನೋಡುತ್ತಾರೆ. ಒಂದು ಮಾತನ್ನು ಮೂರು ಸಲ ಹೇಳಬೇಕು, ಮೂರನೆಯದಕ್ಕೆ ಇವರು ಹೂಂ ಅನ್ನಬೇಕು, ಆಮೇಲೆ ಹೇಳಿದ್ದೊಂದು ಮಾಡಿದ್ದೊಂದು. ಗೊಬ್ಬರ ತನ್ನಿ ಅಂದಿದ್ದಕ್ಕೆ ಹೂಂ ಅಂದು ಕೈಬೀಸಿಕೊಂಡು ಬಂದಾಗ ಎರಡು ದಿನ ಮಾತು ಬಿಟ್ಟಿದ್ದೆ. ನನ್ನ ಮಾತಿಗೆ ಕಿಲುಬು ಕಾಸಿನ ಬೆಲೆಯಿಲ್ಲ ಅನ್ನುವುದು ನನ್ನ ತೀರ್ಮಾನವಾಗಿತ್ತು. ಆ ಸಿಟ್ಟಿನಲ್ಲೇ ಐದಾರು ವರ್ಷ ಸಂಸಾರ ಮಾಡಿದ್ದೇನೆ.

ನಿಜ ಗೊತ್ತಾಗಿದ್ದು ಹೋದ ವರ್ಷ, ಅಟ್ಟದಿಂದ ಕಾಯಿ ಇಳಿಸುವಾಗ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹರವಿ ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ನೀರೆಲ್ಲ ಇಂಗಿ, ಕೊಬ್ಬರಿ ಒಳಗೇ ಒಣಗಿ ಚಿಪ್ಪು ಬಿಡುತ್ತದೆ. ಸುಲಿಯುವ ಮೊದಲು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಒಳಗೆ ಲೊಡಲೊಡ ಅಂದರೆ ಆಗಿದೆ ಅಂತ ಅರ್ಥ, ಸದ್ದಿಲ್ಲದಿದ್ದರೆ ಇನ್ನೂ ಹಸಿ. ಪ್ರತಿವರ್ಷ ಅದು ಅತ್ತೆಯ ಕೆಲಸ. ಹೋದ ವರ್ಷ ಮಂಡಿನೋವು ಅಂತ ಅವರು ಏಣಿ ಹತ್ತಲಿಲ್ಲ, ಮಗನನ್ನು ಹತ್ತಿಸಿದರು.

ಹೆಂಚಿನ ಸಂದಿಯಿಂದ ಬಿಸಿಲುಕೋಲುಗಳು ಇಳಿಯುತ್ತಿದ್ದವು. ಧೂಳು ಅವುಗಳಲ್ಲಿ ಮೆಲ್ಲಗೆ ತಿರುಗುತ್ತಿತ್ತು, ಮನೆ ತುಂಬ ಹಳೇ ಕೊಬ್ಬರಿಯ ಸಿಹಿ ವಾಸನೆ. ಆ ಬೆಳಕಿನಲ್ಲಿ ಇವರು ಮಂಡಿಯೂರಿ ಕೂತು ಒಂದೊಂದು ಕಾಯಿಯನ್ನೂ ಬಲಗಿವಿಗೆ ಹಿಡಿದು ಅಲ್ಲಾಡಿಸಿ, ತಲೆಯಾಡಿಸಿ ಪಕ್ಕಕ್ಕಿಡುತ್ತಿದ್ದರು. ನಾನು ಏಣಿಯ ನಡುವೆ ಬುಟ್ಟಿ ಹಿಡಿದು ನಿಂತೇ ಇದ್ದೆ, ಬುಟ್ಟಿಗೆ ಒಂದೂ ಬೀಳಲಿಲ್ಲ. ಅಟ್ಟದ ತುಂಬ ಹಸಿ, ಇನ್ನೂ ಒಂದು ತಿಂಗಳು ಬೇಕು ಅಂದರು. ಅತ್ತೆ ನಂಬಲಿಲ್ಲ. ಹಸಿ ಅಂತ ಪಕ್ಕಕ್ಕಿಟ್ಟ ರಾಶಿಯಿಂದ ಒಂದನ್ನು ಕೆಳಗೆ ಕೊಡಲು ಹೇಳಿದರು. ಕೂತಲ್ಲೇ ಅಲ್ಲಾಡಿಸಿದರು. ಏಣಿಯ ಮೇಲಿದ್ದ ನನಗೂ ಕೇಳಿತು, ಲೊಡಲೊಡ. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ.

"ಲೇ ತಿಮ್ಮ, ಇವು ಒಣಗಿ ತಿಂಗಳಾಗೈತೆ ಕಣ್ಲಾ," ಅಂದರು ಅತ್ತೆ. "ನಿನ್ ಕಿವಿಗೇನಾಯ್ತಲಾ?"

ಇವರು ಮತ್ತೆ ಒಂದು ಕಾಯಿ ಎತ್ತಿ ಬಲಗಿವಿಗೆ ಹಿಡಿದು ಅಲ್ಲಾಡಿಸಿದರು. ಆಮೇಲೆ ಎಡಗಿವಿಗೆ ಹಿಡಿದರು, ಅದಕ್ಕೆ ಮಾತ್ರ ಸದ್ದು ಕೇಳಿತಂತೆ. ಮುಖ ಬಿಳಿಚಿಕೊಂಡಿತು. ಮನುಷ್ಯರ ಮಾತು ಕೇಳದಿದ್ದರೆ ಅವರೇ ಮೆಲ್ಲಗೆ ಮಾತಾಡುತ್ತಾರೆ ಅಂತ ಸಮಾಧಾನ ಮಾಡಿಕೊಳ್ಳಬಹುದು, ಕಾಯಿಯ ಮೇಲೆ ಹಾಗೆ ತಪ್ಪು ಹೊರಿಸಲು ಆಗುವುದಿಲ್ಲವಲ್ಲ.

ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಲು ಎದ್ದರು. ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ನಮ್ಮ ಮಗಳು ಭವ್ಯಶ್ರೀ, ಕಿವಿಗೆ ಒಂದು ಹನಿ ಎಣ್ಣೆ ಬಿಟ್ಟರೂ ನಾನು ಮನೆಗೆ ಬರುವುದಿಲ್ಲ ಅಂತ ಫೋನಿನಲ್ಲೇ ಗದರಿದಳು. ಅವಳ ಗಂಟಲೂ ನನ್ನದೇ. ಮಾರನೇ ದಿನ ತಿಪಟೂರಿನ ಕಿವಿ ಡಾಕ್ಟರ ಹತ್ತಿರ ಹೋದೆವು.

ಅಲ್ಲಿ ಗಾಜಿನ ಸಣ್ಣ ಕೋಣೆಯೊಂದರಲ್ಲಿ ಇವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಅಂದರು. ನಾನು ಹೊರಗೆ ನಿಂತಿದ್ದೆ. ಡಾಕ್ಟರು ಒಂದೊಂದೇ ಗುಂಡಿ ಒತ್ತುತ್ತಿದ್ದರು, ಯಂತ್ರದಲ್ಲಿ ದೀಪ ಹತ್ತಿ ಆರುತ್ತಿತ್ತು, ಗಾಜಿನೊಳಗೆ ನನ್ನ ಗಂಡ ದೂರದ ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ಕೂತಿದ್ದರು. ಬಲಗಿವಿಯ ಸರದಿಯಲ್ಲಿ ತುಂಬ ಹೊತ್ತು ಬೆರಳು ಏಳಲೇ ಇಲ್ಲ. ಡಾಕ್ಟರು ಯಾವ ಗುಂಡಿಯನ್ನೂ ಒತ್ತದೆ ಇದ್ದಾಗ ಮಾತ್ರ ಒಮ್ಮೆ ಎತ್ತಿದರು. ಏನು ಕೇಳಿಸಿತು ಅಂತ ಕೇಳಿದರೆ, ನಮ್ಮ ತೋಟದ ಗಾಳಿ ಅಂದರು.

ಆ ಗಾಳಿಯೇ ಕಾಯಿಲೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಹಳೇ ಲಾರಿಯ ಕ್ಯಾಬಿನ್ನಿನಲ್ಲಿ ಇಂಜಿನ್ ಮಗ್ಗುಲಲ್ಲೇ ಇರುತ್ತದೆ. ಸೆಖೆಗೆ ಬಲಗಡೆ ಕಿಟಕಿ ತೆಗೆದಿರುತ್ತೀರಿ, ಎದುರು ಗಾಡಿಗಳ ಹಾರ್ನ್ ನೇರ ಬಲಗಿವಿಗೆ ಬೀಳುತ್ತದೆ, ಅದನ್ನು ಮೀರಿಸಲು ಹಾಡು ಬೇರೆ ಜೋರಾಗಿ ಹಾಕುತ್ತೀರಿ. ಕಿವಿಯೊಳಗೆ ಪೈರಿನ ಹಾಗೆ ಸಣ್ಣ ಸಣ್ಣ ಎಳೆಗಳಿರುತ್ತವೆ. ಒಂದು ಸಲ ತುಳಿದರೆ ಎದ್ದು ನಿಲ್ಲುತ್ತವೆ, ಇಪ್ಪತ್ತು ವರ್ಷ ತುಳಿದರೆ ಏಳುವುದಿಲ್ಲ. ಬಲಗಿವಿ ಮುಕ್ಕಾಲು ಹೋಗಿದೆ, ವಾಪಸ್ಸು ಬರುವುದಿಲ್ಲ, ಮನೆಯಲ್ಲಿದ್ದಾಗ ಕಿವಿಗೆ ಕೇಳಿಸುವ ಯಂತ್ರ ಹಾಕಿಕೊಳ್ಳಬಹುದು. ಎಡಗಿವಿಯೂ ಶುರುವಾಗಿದೆ, ಆದರೆ ಅದನ್ನು ಉಳಿಸಬಹುದು. ಹೀಗಂದು ಹಳದಿ ಸ್ಪಂಜಿನ ಎರಡು ಜೊತೆ ಪುಟ್ಟ ಬಿರಡೆಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಗಾಡಿ ಹತ್ತಿದಾಗಲೆಲ್ಲ ಎರಡೂ ಕಿವಿಗೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಇನ್ನು ನಾಲ್ಕೈದು ವರ್ಷಕ್ಕೆ ಹೆಂಡತಿಯ ಕೂಗೂ ಕೇಳುವುದಿಲ್ಲ ಅಂದರು ಆ ಪುಣ್ಯಾತ್ಮ.

ನಮ್ಮ ಯಜಮಾನರು ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಮುಂದಿನ ಲೋಡಿಗೆ ಹೊರಟೇಬಿಟ್ಟರು. ಅಡ್ಡ ನಿಂತೆ.

"ಇಂಜಿನ್ ಮಾತಾಡ್ತದೆ ಕಣೇ," ಅಂದರು. "ಅದನ್ನ ಕೇಳ್ಕಂಡೇ ಇಷ್ಟು ವರ್ಸ ಜೀವ ಉಳಿಸ್ಕಂಡಿದೀನಿ. ಕಿವಿ ಮುಚ್ಕಂಡು ಓಡ್ಸೋದೂ ಒಂದೇ, ಕಣ್ ಕಟ್ಕಂಡು ಓಡ್ಸೋದೂ ಒಂದೇ."

ಟೈರು ಗಾಳಿ ಬಿಡುವುದು, ಬೆಲ್ಟು ಸಡಿಲವಾಗುವುದು, ಎಲ್ಲ ಇವರಿಗೆ ಕಿವಿಯಿಂದಲೇ ಮೊದಲು ಗೊತ್ತಾಗುವುದು. ಅದು ಸುಳ್ಳಲ್ಲ, ಅದಕ್ಕೇ ನನಗೆ ಇನ್ನೂ ಉರಿದುಹೋಯಿತು. ಎರಡು ಟ್ರಿಪ್ಪು ಹಾಗೇ ಮುಗಿದವು. ಒಂದೊಂದು ಟ್ರಿಪ್ಪಿಗೂ ಆ ಎಡಗಿವಿ ಎಷ್ಟು ಸವೆಯಿತೋ ಅಂತ ಲೆಕ್ಕ ಹಾಕುತ್ತಾ ನಾನು ಹಾಲು ಕರೆಯುತ್ತಿದ್ದೆ, ಕಸ ಗುಡಿಸುತ್ತಿದ್ದೆ. ಮೂರನೇ ಸಲ ಚಿತ್ರದುರ್ಗಕ್ಕೆ ಕಾಯಿ ಲೋಡು, ಬೆಳಿಗ್ಗೆ ಹೋಗಿ ಸಂಜೆಗೆ ಬರುವಂಥದ್ದು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ಲಾರಿ ಹತ್ತಿದೆ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ನೀವು ಬಿರಡೆ ಹಾಕಿಕೊಳ್ಳುವವರೆಗೂ ನಾನೂ ಹಾಕಿಕೊಳ್ಳುವುದಿಲ್ಲ ಅಂದೆ. ನಕ್ಕು ಗಾಡಿ ತೆಗೆದರು.

ಮೊದಲ ಅರ್ಧ ಗಂಟೆ ತಲೆ ಸೀಳಿಹೋಗುತ್ತದೆ ಅನ್ನಿಸಿತು. ಸದ್ದು ಕಿವಿಯಿಂದ ಮಾತ್ರ ಬರುವುದಿಲ್ಲ, ಪಾದದಿಂದ ಹತ್ತಿ ಹಲ್ಲಿನವರೆಗೆ ಬರುತ್ತದೆ. ಆಮೇಲೆ ಏನಾಯಿತೋ, ಸದ್ದೇ ಇಲ್ಲ ಅನ್ನುವ ಹಾಗಾಯಿತು. ಹುಳಿಯಾರು ದಾಟಿದ ಮೇಲೆ ತೋಟಗಳು ತೆಳ್ಳಗಾಗಿ, ಬಯಲು ಬಿಚ್ಚಿಕೊಂಡಿತು. ಬಿಸಿಲಿನಲ್ಲಿ ರಸ್ತೆ ಹೊಳೆಯುತ್ತಾ ಕರಗುತ್ತಿತ್ತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ನಿದ್ದೆಯೋ ಎಚ್ಚರವೋ ತಿಳಿಯದೆ, ಇವರು ಹೇಳುತ್ತಿದ್ದ ತೇಲುವುದು ಅಂದರೆ ಇದೇ ಇರಬೇಕು ಅಂದುಕೊಂಡೆ. ಈ ಸುಖಕ್ಕೆ ಮನುಷ್ಯ ಕಿವಿ ಕೊಟ್ಟರೂ ಕೊಟ್ಟಾನು ಅಂತ ಅನ್ನಿಸಿದ್ದು ನಿಜ.

ಹಿರಿಯೂರಿನ ಹತ್ತಿರ ಕಾಫಿಗೆ ನಿಲ್ಲಿಸಿದರು. ಹೋಟೆಲಿನವನು ಬಾಯಿ ಆಡಿಸುತ್ತಿದ್ದ, ಮಾತು ನೀರಿನೊಳಗಿಂದ ಬಂದ ಹಾಗಿತ್ತು. ಲೋಟ ಹಿಡಿದು ನಿಂತಿದ್ದಾಗ ತೋಟದಲ್ಲಿ ಗಾಳಿ ಎದ್ದಿತು. ಸುಯ್ಯೆಂದು, ಸಾವಿರ ಗರಿ ಒಟ್ಟಿಗೆ. ಸುತ್ತ ನೋಡಿದೆ. ಅಲ್ಲಿ ಬರೀ ಜಾಲಿಗಿಡ, ಒಂದೇ ಒಂದು ತೆಂಗಿನಮರ ಇರಲಿಲ್ಲ.

"ರೀ, ಆ ಗಾಳಿ ನಂಗೂ ಕೇಳ್ತೈತೆ," ಅಂದೆ.

ಇವರು ಕಾಫಿ ಲೋಟ ಅಲ್ಲೇ ಇಟ್ಟರು. ನನ್ನನ್ನು ಕೈಹಿಡಿದು ಕರೆತಂದು ಕ್ಯಾಬಿನ್ನಿನಲ್ಲಿ ಕೂರಿಸಿ, ಅದು ಸಂಜೆಯೊಳಗೆ ಹೋಗುತ್ತದೆ, ಮೊದಮೊದಲು ನನಗೂ ಹೋಗುತ್ತಿತ್ತು ಅಂತ ನಾಲ್ಕು ಸಲ ಹೇಳಿದರು. ಇಂಜಿನ್ ಶುರು ಮಾಡಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಮಂಗಳ, ಬೈಬ್ಯಾಡ," ಅಂದರು. "ಹಗಲೊತ್ತು ನಿನ್ ತುಟಿ ನೋಡ್ಕಂಡು ಅರ್ಥ ಮಾಡ್ಕಂತೀನಿ. ದೀಪ ಆರ್ಸಿದ್ ಮ್ಯಾಲೆ ನೀನೇನಂತೀಯೋ ಒಂದೂ ಕೇಳಲ್ಲ ನಂಗೆ. ಐದಾರು ವರ್ಸ ಆಯ್ತು. ಸುಮ್ಕೆ ಹೂಂ ಅಂತೀನಿ."

ಹಗಲೆಲ್ಲ ಊರಿಗೆ ಕೇಳುವ ಹಾಗೆ ಕೂಗುವವಳು ನಾನು. ದೀಪ ಆರಿದ ಮೇಲೆ ನಾನು ಬೇರೆಯೇ ಹೆಂಗಸು. ಬೆಳಕಿನಲ್ಲಿ ಬಾಯಿಗೆ ಬರದ ಮಾತುಗಳನ್ನು ಕತ್ತಲಲ್ಲಿ, ಉಸಿರಿನಷ್ಟು ಮೆಲ್ಲಗೆ ಹೇಳಿದ್ದೇನೆ. ಎದೆಯಲ್ಲಿ ಗಂಟು ಸಿಕ್ಕಿದೆ, ಭಯವಾಗುತ್ತಿದೆ ಅಂತ ಹೇಳಿದ್ದೆ. ಹೂಂ ಅಂದಿದ್ದರು. ಅದು ಏನೂ ಅಲ್ಲವಂತೆ ಅಂತ ತಿಂಗಳಾದ ಮೇಲೆ ಹೇಳಿದಾಗಲೂ ಅಷ್ಟೇ ಹೂಂ. ಎಂಥ ಕಲ್ಲುಮನಸ್ಸು ಅಂತ ಗೋಡೆಗೆ ತಿರುಗಿ ಅತ್ತಿದ್ದೆ. ನಿಮ್ಮಪ್ಪನ ತಿಥಿಯ ದಿನ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ, ತಪ್ಪಾಯ್ತು ಅಂದಿದ್ದೆ. ಅವತ್ತಿನ ಹೂಂ ಕೇಳಿ, ಕ್ಷಮಿಸಿದರು ಅಂದುಕೊಂಡು ಹಾಯಾಗಿ ನಿದ್ದೆ ಮಾಡಿದ್ದೆ. ಯಾವುದೂ ಇವರಿಗೆ ಮುಟ್ಟೇ ಇಲ್ಲ. ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ರಸ್ತೆಯಲ್ಲಿ ಹೋಗುವವರು ನೋಡಿದರೂ ನಿಲ್ಲಿಸಲಾಗಲಿಲ್ಲ.

"ಏನಂತಿದ್ದೆ?" ಅಂತ ಕೇಳಿದರು.

ಅದನ್ನೆಲ್ಲ ಹಗಲು ಹೊತ್ತಿನಲ್ಲಿ, ಹಿಂದೆ ಕಾಯಿ ಲೋಡು ಇಟ್ಟುಕೊಂಡು ಹೇಳುವುದಕ್ಕಾಗುತ್ತದೆಯೇ? ಮುಖ ಒರೆಸಿಕೊಂಡು ಡಬ್ಬಿ ಮುಂದೆ ಹಿಡಿದೆ. ಇವರು ಒಂದು ಬಿರಡೆಯನ್ನು ಬೆರಳಲ್ಲಿ ಹೊಸೆದು ಮೊದಲು ಎಡಗಿವಿಗೆ ಇಟ್ಟುಕೊಂಡರು, ಆಮೇಲೆ ಬಲಕ್ಕೆ. ನನ್ನ ಕಿವಿಗೂ ತಾವೇ ಇಟ್ಟರು. ಗಾಡಿ ಶುರುವಾಯಿತು. ಇಂಜಿನ್ ಕೇಳುತ್ತಿದೆಯಾ ಅಂತ ಕೈಸನ್ನೆ ಮಾಡಿದೆ. ಸ್ವಲ್ಪ ದೂರ ಓಡಿಸಿ, ಗೇರ್ ಬದಲಾಯಿಸಿ, ಕೇಳುತ್ತಿದೆ ಅಂತ ತಲೆಯಾಡಿಸಿದರು.

ಇಷ್ಟು ವರ್ಷವೂ ನಾನು ಗೋಡೆಯ ಕಡೆ, ಇವರ ಬಲಕ್ಕೆ ಮಲಗುತ್ತಿದ್ದೆ. ಅವತ್ತಿನಿಂದ ಎಡಕ್ಕೆ ಮಲಗುತ್ತೇನೆ.