ಮೋರಿಯ ನೀರಿಗೆ ಬಿದ್ದ ಚಪ್ಪಾಳೆ

ದೆಹಲಿಯ ಪೀತಮ್‌ಪುರದ ನಮ್ಮ ಗಲ್ಲಿಯ ಹಿಂದಿನ ಡೈರಿಯವರು ಒಡೆದ ಹಾಲು, ಪನೀರ್ ಬಸಿದ ನೀರು, ಎಲ್ಲವನ್ನೂ ಮೋರಿಗೆ ಬಿಡುತ್ತಾರೆ. ನಾತಕ್ಕೆ ಮನೆಗಳಲ್ಲಿ ಕಿಟಕಿ ತೆರೆಯುವಂತಿಲ್ಲ. ಅವರ ಗೇಟಿನ ಮುಂದೆ ಧರಣಿಗೆ ನಮ್ಮ ಕನ್ನಡ ಸಂಘದವರನ್ನು ಕರೆದೆ. "ನಾವು ಸರ್ಕಾರಿ ನೌಕರರು ಮಾರಾಯ, ಧರಣಿ ಗಿರಣಿ ನಮಗಾಗದು" ಎಂದರು. ಒಬ್ಬನೇ ಕೂತೆ.

ಅದೇ ಸಂಘದವರು ಮೊನ್ನೆ ಹೌಜ್ ಖಾಸ್‌ನ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡುವ ಕನ್ನಡದ ಹುಡುಗಿಯೊಬ್ಬಳಿಗೆ ಸನ್ಮಾನ ಇಟ್ಟುಕೊಂಡರು. ಸಭಾಂಗಣ ತುಂಬಿತ್ತು. ಆಕೆ ಗಾಜಿನ ಭರಣಿಯಲ್ಲಿ ಡೈರಿಯ ಕೊಳಕು ನೀರು ತುಂಬಿ, ಅದರಲ್ಲಿನ ಬ್ಯಾಕ್ಟೀರಿಯಾ ಕೊಳೆ ತಿನ್ನುವಾಗ ಹುಟ್ಟುವ ಕರೆಂಟಿನಿಂದ ಪುಟ್ಟ ದೀಪ ಹೊತ್ತಿಸಿದಳು. ಶಾಲು ಹೊದಿಸಿದವರು ನಮ್ಮ ಗಲ್ಲಿಯ ಹಿಂದಿನ ಅದೇ ಡೈರಿಯ ಮಾಲೀಕರು. ನನಗೆ ಹೊಟ್ಟೆ ಉರಿಯಿತು. ಗಂಟಲು ಹರಿಯುವಂತೆ ಕೂಗಿದರೂ ಬಾರದ ಜನ ಕಡಲೆಕಾಳಿನಷ್ಟು ದೀಪಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಊಟದ ಸಾಲಿನಲ್ಲಿ ಆಕೆಯನ್ನು ಕುಟುಕಿದೆ: "ಏನಮ್ಮ, ಮಾಲೀಕರು ಕ್ಯಾನುಗಟ್ಟಲೆ ನೀರು ಕೊಟ್ಟರಾ?"

"ಎಲ್ಲಿ ಅಂಕಲ್, ಗೇಟಿನೊಳಗೇ ಬಿಡಲಿಲ್ಲ. ಮೋರಿಗೆ ಬೀಳುವ ಪೈಪಿನಿಂದ ಹಿಡಿದು ತಂದೆ. ನೀವು ಧರಣಿ ಕೂತಿದ್ದು ನೋಡಿಯೇ ಜಾಗ ಗೊತ್ತಾಗಿದ್ದು."

"ಇದನ್ನು ಮೈಕಿನಲ್ಲಿ ಹೇಳಬಹುದಿತ್ತಲ್ಲ?"

"ಯಾರೂ ಕೇಳಲೇ ಇಲ್ಲ" ಎಂದು ಹೋಳಿಗೆಗೆ ತಟ್ಟೆ ಒಡ್ಡಿದಳು.

ಅವಳ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆದರೆ ಭರಣಿಯಲ್ಲಿ ಕೊಳೆ ತಿನ್ನಿಸುವ ಆ ಕೆಲಸ ಡೈರಿಯೊಳಗೇ ಶುರುವಾಗದೆ ಮೋರಿ ತಿಳಿಯಾಗದು. ಚಪ್ಪಾಳೆ ತಟ್ಟಿದವರೇ, ಭಾನುವಾರ ಕಚೇರಿಗೆ ರಜೆ. ಗೇಟಿಗೆ ಬನ್ನಿ, ಆ ಪೈಪು ಯಾರದೆಂದು ಮಾಲೀಕರನ್ನು ಎಲ್ಲರೆದುರು ಕೇಳಿ.